ಸೊನ್ನೆಗೂ ಖಾಲಿಗೂ ಇರುವ ಅಂತರ
ಮಲೇರಿಯಾ ರೋಗಾಣುವಿನ ವಂಶಲಿಪಿಯನ್ನು ಓದಿ ವರದಿಮಾಡುವ ಕ್ರಮ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನೆಂಬುದು ಶಾಸನಗಳಿಂದ ತಿಳಿದುಬಂದಿರುವ ಸಂಗತಿ. ಆ ಊರಿನ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಶಾಸನಗಳೊಡನೆ ಅಚ್ಚುಮಾಡಿಸಿದರು. ಅಲ್ಲಿ ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ, ಊರು ಇವು ಮೊದಲು ಬರುತ್ತವೆ. ಶಾಸನದ ಪಾಠ ಅನಂತರ. ಕಲ್ಲು ಸವೆದು ಅಕ್ಷರ ಅಳಿಸಿಹೋಗಿರುವೆಡೆಯಲ್ಲಿ ಶಾಸನ ಪಂಡಿತರು ಚುಕ್ಕೆಗಳನ್ನಿಟ್ಟು ಮುಂದೆ ಸಾಗುತ್ತಾರೆ. ತಮಗೆ ತೋರಿದ ಅಕ್ಷರವನ್ನು ಅಲ್ಲಿ ತುಂಬಿ, ‘ಹೀಗೆಯೇ ಇತ್ತು’ ಎಂದು ಹೇಳುವುದಿಲ್ಲ. ಅಕ್ಷರವೇ ಇಲ್ಲದ ಜಾಗ ಬೇರೆ, ಇದ್ದ ಅಕ್ಷರ ಸವೆದು ಓದಲಾಗದ ಜಾಗ ಬೇರೆ ಎಂಬ ವಿವೇಕ ಅದರಲ್ಲಿದೆ.

ಕಲ್ಲಿನ ಮೇಲಿನ ಬರಹವನ್ನು ಬಿಟ್ಟು ಈಗ ಇನ್ನೊಂದು ಬರಹದ ಕಡೆಗೆ ತಿರುಗೋಣ. ಮಲೇರಿಯಾ ರೋಗಿಯ ಬೆರಳಿನಿಂದ ತೆಗೆದ ಒಂದು ಹನಿ ರಕ್ತದಲ್ಲಿ ರೋಗಾಣುಗಳಿರುತ್ತವೆ. ಆ ರೋಗಾಣುಗಳ ಒಡಲಲ್ಲಿ, ಡಿ.ಎನ್.ಎ. ಎಂಬ ನೂಲಿನಲ್ಲಿ, ಅವುಗಳ ವಂಶದ ಲಿಪಿ ಬರೆದಿದೆ. ಆ ಲಿಪಿಯನ್ನು ಓದುವ ಯಂತ್ರಗಳು ಇಂದು ನಮ್ಮ ದೇಶದ ಪ್ರಯೋಗಶಾಲೆಗಳಲ್ಲಿಯೂ ಇವೆ. ಯಾವ ಔಷಧಿಗೆ ಯಾವ ರೋಗಾಣು ಬಗ್ಗದು, ಅದು ಎಲ್ಲಿಂದ ಬಂದುದಾಗಿರಬಹುದು, ಎಲ್ಲಿಗೆ ಹರಡುತ್ತಿದೆ ಎಂಬುದನ್ನು ಈ ಓದಿನಿಂದ ತಿಳಿಯಲು ಯತ್ನಿಸುವುದಕ್ಕೆ ಮಲೇರಿಯಾದ ಆನುವಂಶಿಕ ಕಣ್ಗಾವಲು ಎಂದು ಹೆಸರು. ಆದರೆ ಓದಿದರಷ್ಟೇ ಸಾಲದು. ಓದಿದುದನ್ನು ಎಲ್ಲರೂ ಒಂದೇ ಕ್ರಮದಲ್ಲಿ ಬರೆದಿಡದೆ ಹೋದರೆ ಒಬ್ಬರ ಓದು ಇನ್ನೊಬ್ಬರ ಉಪಯೋಗಕ್ಕೆ ಬರಲಾರದು. ಈ ಬರೆದಿಡುವ ಕ್ರಮವೇ ಪ್ರಸ್ತುತ ಲೇಖನದ ವಿಷಯ. ಮೇಲ್ನೋಟಕ್ಕೆ ಇದು ಗುಮಾಸ್ತರ ಕೆಲಸವೆಂದು ತೋರಬಹುದು. ಆದರೆ ಕೋಟ್ಯಂತರ ಜನರಿಗೆ ಯಾವ ಮಾತ್ರೆ ಕೊಡಬೇಕೆಂಬ ತೀರ್ಮಾನವು ಇದನ್ನು ಅವಲಂಬಿಸಿದೆ.

ಎಣಿಕೆಯ ಕಾಲ

ಚಳಿಜ್ವರವು ಕನ್ನಡ ನಾಡಿಗೆ ಹೊಸದಲ್ಲ. ಮಲೆನಾಡಿನ ಝರಿಗಳಲ್ಲಿ ಒಂದು ಜಾತಿಯ ಅನಾಫಿಲೀಸ್ ಸೊಳ್ಳೆ, ಬಯಲುಸೀಮೆಯ ಕಾಲುವೆ-ಗದ್ದೆಗಳಲ್ಲಿ ಇನ್ನೊಂದು ಜಾತಿ, ಪಟ್ಟಣಗಳ ಬಾವಿ-ತೊಟ್ಟಿಗಳಲ್ಲಿ ಮತ್ತೊಂದು ಜಾತಿ ಬೆಳೆದು ಈ ರೋಗವನ್ನು ಹರಡುತ್ತ ಬಂದಿವೆ. 1880ರಲ್ಲಿ ಆಲ್ಜೀರಿಯದಲ್ಲಿದ್ದ ಫ್ರೆಂಚ್ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ರೋಗಾಣುವನ್ನು ಕಂಡನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದೇ ರೋಗಾಣುವಿನ ಬೆಳವಣಿಗೆಯನ್ನು ಸೊಳ್ಳೆಯ ಜಠರದ ಗೋಡೆಯಲ್ಲಿ ಗುರುತಿಸಿದನು.

ಅಂದಿನಿಂದ ಬಹುಕಾಲ ಮಲೇರಿಯಾದ ಲೆಕ್ಕವೆಂದರೆ ಎಣಿಕೆಯ ಲೆಕ್ಕವೇ. ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮ ಊದಿಕೊಂಡಿದೆ? ಗಾಜಿನ ಪಟ್ಟಿಯ ಮೇಲೆ ಹಚ್ಚಿದ ರಕ್ತಲೇಪನಗಳಲ್ಲಿ ಎಷ್ಟರಲ್ಲಿ ರೋಗಾಣು ಕಂಡಿತು? ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದರೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆ. ಆ ಜಿಲ್ಲೆಯಲ್ಲಿಯೂ ಉತ್ತರ ಕನ್ನಡದಲ್ಲಿಯೂ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1940ರ ದಶಕದ ಉತ್ತರಾರ್ಧದಲ್ಲಿ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಇಂತಹ ಯತ್ನಗಳಿಂದ ದೊರೆತ ಧೈರ್ಯದಿಂದಲೇ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದುವು. ಸ್ವಾತಂತ್ರ್ಯ ಬಂದ ವರ್ಷ ದೇಶದಲ್ಲಿ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದು ಅಂದಾಜು. 1960ರ ದಶಕದಲ್ಲಿ ವರ್ಷದ ಲೆಕ್ಕ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆದರೆ 1976ರಲ್ಲಿ ಅದು ಮತ್ತೆ 64 ಲಕ್ಷವನ್ನು ಮೀರಿತು.

ರೋಗವು ಮರಳಿ ಬಂದುದಕ್ಕೆ ಕಾರಣಗಳು ಹಲವು. ಸೊಳ್ಳೆ ಡಿ.ಡಿ.ಟಿ.ಗೆ ಒಗ್ಗಿಕೊಂಡಿತು, ಕಣ್ಗಾವಲು ಸಡಿಲವಾಯಿತು. ಇವುಗಳ ಜೊತೆಗೆ ರೋಗಾಣುವೂ ಔಷಧಿಗೆ ಬಗ್ಗದಂತಾಗತೊಡಗಿತ್ತು. ಕ್ಲೋರೋಕ್ವಿನ್ ಮಾತ್ರೆಗೆ ಮಣಿಯದ ಫಾಲ್ಸಿಪಾರಂ ಜಾತಿಯ ರೋಗಾಣುವು ಭಾರತದಲ್ಲಿ ಮೊದಲಿಗೆ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್ ಪ್ರದೇಶದಿಂದ 1973ರಲ್ಲಿ ವರದಿಯಾಯಿತು. ಇದನ್ನು ತಿಳಿಯಲು ಆಗ ಇದ್ದ ಮುಖ್ಯ ದಾರಿಯೆಂದರೆ, ರೋಗಿಗೆ ಮಾತ್ರೆ ಕೊಟ್ಟು ಹಲವು ದಿನಗಳವರೆಗೆ ರಕ್ತವನ್ನು ಪರೀಕ್ಷಿಸುತ್ತಿದ್ದು, ರೋಗಾಣು ಉಳಿದಿದೆಯೆ ಎಂದು ನೋಡುವುದು. ಈ ಪದ್ಧತಿ ಇಂದಿಗೂ ಅಗತ್ಯವೇ. ಆದರೆ ಇದರಲ್ಲಿ ತಿಳಿವಳಿಕೆಯು ಚಿಕಿತ್ಸೆ ಸೋತಮೇಲೆ ಬರುತ್ತದೆ. ರೋಗಾಣುವಿನ ಲಿಪಿಯನ್ನೇ ಓದುವುದಾದರೆ ಸೋಲಿನ ಸೂಚನೆಯನ್ನು ಮುಂಚಿತವಾಗಿ ಪಡೆಯಬಹುದು.

ಮೂರಕ್ಷರದ ಮಾತುಗಳು

ಫಾಲ್ಸಿಪಾರಂ ರೋಗಾಣುವಿನ ಪೂರ್ಣ ವಂಶಲಿಪಿ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ 14 ವರ್ಣತಂತುಗಳು. ಒಟ್ಟು ಸುಮಾರು 2 ಕೋಟಿ 30 ಲಕ್ಷ ಅಕ್ಷರಗಳು. ಸುಮಾರು 5,300 ಜೀನುಗಳು. ವರ್ಣಮಾಲೆಯಲ್ಲಿರುವುದು ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರಗಳು ಸೇರಿ ಒಂದು ಮಾತು. ಒಂದೊಂದು ಮಾತೂ ಒಂದೊಂದು ಅಮೈನೊ ಆಮ್ಲವನ್ನು ಸೂಚಿಸುತ್ತದೆ. ಈ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದರೆ ಪ್ರೋಟೀನು ಆಗುತ್ತದೆ.

ಲಿಪಿಕಾರನು ಓಲೆಯನ್ನು ನಕಲು ಮಾಡುವಾಗ ಅಕ್ಷರ ತಪ್ಪುವಂತೆ, ರೋಗಾಣುವು ತನ್ನ ಸಂತತಿಗೆ ಈ ಲಿಪಿಯನ್ನು ನಕಲು ಮಾಡಿ ಕೊಡುವಾಗಲೂ ಅಪರೂಪಕ್ಕೆ ತಪ್ಪಾಗುತ್ತದೆ. ಬಹುಪಾಲು ತಪ್ಪುಗಳಿಂದ ರೋಗಾಣುವಿಗೆ ಲಾಭವಿಲ್ಲ. ಕೆಲವು ಮಾತ್ರ ಅದಕ್ಕೆ ವರವಾಗುತ್ತವೆ. ಕ್ಲೋರೋಕ್ವಿನ್ ವಿಷಯದಲ್ಲಿ ಆದುದು ಹೀಗೆಯೇ. ರೋಗಾಣುವಿನ ಜೀರ್ಣಕೋಶದ ಪೊರೆಯಲ್ಲಿ 424 ಮಣಿಗಳ ಒಂದು ಪ್ರೋಟೀನಿದೆ. ಅದರ 76ನೆಯ ಮಾತು ‘ಎಎಎ’ ಎಂದಿರಬೇಕಾದ ಕಡೆ ‘ಎಸಿಎ’ ಎಂದಾದರೆ, ಲೈಸೀನ್ ಎಂಬ ಮಣಿಯ ಜಾಗದಲ್ಲಿ ಥ್ರಿಯೊನೀನ್ ಎಂಬ ಮಣಿ ಬಂದು ಕೂಡುತ್ತದೆ. ಹೀಗೆ ಬದಲಾದ ಪ್ರೋಟೀನು ಕ್ಲೋರೋಕ್ವಿನನ್ನು ಅದು ಕೆಲಸ ಮಾಡಬೇಕಾದ ಜಾಗದಿಂದ ಹೊರಕ್ಕೆ ಸಾಗಿಸಬಲ್ಲುದು. ಒಂದೇ ಅಕ್ಷರದ ಈ ಬದಲಾವಣೆ ಪ್ರತಿರೋಧದ ಮುಖ್ಯ ಗುರುತೆಂಬುದು 2000ದಲ್ಲಿ ಸ್ಪಷ್ಟವಾಯಿತು.

ಭಾರತವು 2010ರಲ್ಲಿ ದೇಶದಾದ್ಯಂತ ಫಾಲ್ಸಿಪಾರಂ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಬೆರೆತ ಸಂಯುಕ್ತ ಚಿಕಿತ್ಸೆಯನ್ನು ಗೊತ್ತುಮಾಡಿತು. ಈ ಚಿಕಿತ್ಸೆಯಲ್ಲಿ ಜೊತೆಗಾರನಾಗಿದ್ದ ಔಷಧಿಯು ಈಶಾನ್ಯ ರಾಜ್ಯಗಳಲ್ಲಿ ಸೋಲುತ್ತಿದೆಯೆಂದು ಕಂಡುಬಂದುದರಿಂದ 2013ರ ನೀತಿಯಲ್ಲಿ ಆ ರಾಜ್ಯಗಳಿಗೆ ಬೇರೆ ಜೋಡಿಯನ್ನು ಸೂಚಿಸಲಾಯಿತು. ಆರ್ಟಿಮಿಸಿನಿನಿಗೂ ಅಪಾಯ ಬಂದಿದೆ. 726 ಮಣಿಗಳ ಕೆಲ್ಚ್-13 ಎಂಬ ಪ್ರೋಟೀನಿನಲ್ಲಿ ಕೆಲವು ಮಾರ್ಪಾಡುಗಳಾದರೆ ರೋಗಾಣು ನಿಧಾನವಾಗಿ ಸಾಯುತ್ತದೆಂಬುದನ್ನು ಕಾಂಬೋಡಿಯದ ಮಾದರಿಗಳಿಂದ ಕಂಡುಕೊಂಡ ವಿಜ್ಞಾನಿಗಳು 2014ರಲ್ಲಿ ಅದನ್ನು ಪ್ರಕಟಿಸಿದರು. ಇಂತಹ ಮಾರ್ಪಾಡುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು ‘ದೃಢಪಟ್ಟವು’, ‘ಸಂಶಯಾಸ್ಪದವು’ ಎಂದು ಎರಡು ಪಟ್ಟಿಗಳಾಗಿ ವಿಂಗಡಿಸಿ ಇಟ್ಟಿದೆ. ‘ಕೆಲ್ಚ್-13ರಲ್ಲಿ ಮಾರ್ಪಾಡು ಕಂಡಿತು’ ಎಂದಷ್ಟೇ ಬರೆದ ವರದಿಯಿಂದ ಆದಕಾರಣ ಪ್ರಯೋಜನ ಕಡಮೆ. ಯಾವ ಮಾರ್ಪಾಡು, ಅದು ಯಾವ ಪಟ್ಟಿಗೆ ಸೇರಿದುದು ಎಂಬುದನ್ನು ಹೇಳಲೇಬೇಕು.

ಸ್ಥಾನವನ್ನು ಹೆಸರಿಸುವುದು

ಭೌತವಿಜ್ಞಾನದ ವಿದ್ಯಾರ್ಥಿಯೊಬ್ಬನು ಗುರುತ್ವದ ವೇಗೋತ್ಕರ್ಷವನ್ನು ಅಳೆದು ‘9.8’ ಎಂದಷ್ಟೇ ಬರೆದರೆ ಅಧ್ಯಾಪಕರು ಅಂಕ ಕೊಡುವುದಿಲ್ಲ. ಮಾನವನ್ನು ಹೇಳದ ಸಂಖ್ಯೆ ಅಳತೆಯಾಗದು. ವಂಶಲಿಪಿಯ ಓದಿನಲ್ಲಿಯೂ ಮಾನಕ್ಕೆ ಸಮನಾದುದೊಂದಿದೆ. ಅದು ಆಧಾರಪಾಠ. ಫಾಲ್ಸಿಪಾರಂಗೆ ‘3ಡಿ7’ ಎಂಬ ತಳಿಯ ಲಿಪಿಯನ್ನು ಆಧಾರಪಾಠವಾಗಿ ಇಟ್ಟುಕೊಂಡಿದ್ದಾರೆ. ಓದಿದ ರೋಗಾಣುವಿನ ಲಿಪಿಯನ್ನು ಅದರ ಪಕ್ಕದಲ್ಲಿಟ್ಟು, ಎಲ್ಲಿ ಭೇದವಿದೆಯೋ ಅಲ್ಲಿ ಪಾಠಾಂತರವನ್ನು ಗುರುತುಮಾಡುತ್ತಾರೆ.

ಗುರುತುಮಾಡುವ ರೀತಿ ಸರಳವಾಗಿದೆ. ‘ಸಿ-580-ವೈ’ ಎಂಬುದನ್ನು ನೋಡಿ. ಇಲ್ಲಿ ಸಿ, ವೈ ಎಂಬುವು ಡಿ.ಎನ್.ಎ.ಯ ಅಕ್ಷರಗಳಲ್ಲ, ಅಮೈನೊ ಆಮ್ಲಗಳ ಸಂಕೇತಗಳು. ಆಧಾರಪಾಠದ 580ನೆಯ ಸ್ಥಾನದಲ್ಲಿ ಸಿಸ್ಟೀನ್ ಇದೆ, ಈ ಮಾದರಿಯಲ್ಲಿ ಅದರ ಬದಲು ಟೈರೊಸೀನ್ ಬಂದಿದೆ ಎಂದು ಅದರ ಅರ್ಥ. ಮೂಲ, ಸ್ಥಾನ, ಬದಲು ಈ ಮೂರೂ ಒಂದೇ ಹೆಸರಿನಲ್ಲಿ ಅಡಗಿವೆ.

ಇಷ್ಟಾದರೂ ತೊಡಕು ತಪ್ಪುವುದಿಲ್ಲ. ಲಿಪಿಯನ್ನು ಶೇಖರಿಸುವ ಗಣಕದ ಕಡತಗಳಲ್ಲಿ ಕೆಲವು ನಮೂನೆಗಳು ಅಕ್ಷರಗಳನ್ನು 1ರಿಂದ ಎಣಿಸುತ್ತವೆ, ಕೆಲವು 0ಯಿಂದ ಎಣಿಸುತ್ತವೆ. ಒಂದರಲ್ಲಿ 1,000ನೆಯದಾದ ಅಕ್ಷರ ಇನ್ನೊಂದರಲ್ಲಿ 999ನೆಯದು. ಮಾತಿಗೆ ಮೂರೇ ಅಕ್ಷರಗಳಿರುವಲ್ಲಿ ಒಂದು ಸ್ಥಾನದ ಹೆಚ್ಚುಕಡಮೆಯು ಅರ್ಥವನ್ನೇ ಕೆಡಿಸಬಲ್ಲುದು. ಆಧಾರಪಾಠವೂ ಕಾಲಕಾಲಕ್ಕೆ ಪರಿಷ್ಕಾರಗೊಳ್ಳುತ್ತದೆ. ಆದುದರಿಂದ ಯಾವ ತಳಿ, ಯಾವ ಪರಿಷ್ಕರಣ, ಎಣಿಕೆ ಎಲ್ಲಿಂದ ಎಂಬುದು ವರದಿಯ ಮೊದಲ ಸಾಲಿನಲ್ಲಿಯೇ ಇರಬೇಕಾದ ಸಂಗತಿ.

ಸೊನ್ನೆ, ಖಾಲಿ, ಬೆರಕೆ

ಈಗ ಲೇಖನದ ಮುಖ್ಯ ವಿಷಯಕ್ಕೆ ಬಂದೆವು. ಊಹೆಗಾಗಿ ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. ಒಂದು ಆಸ್ಪತ್ರೆಯಲ್ಲಿ 40 ರೋಗಿಗಳ ರಕ್ತದ ಹನಿಗಳನ್ನು ಶೋಧನ ಕಾಗದದ ಮೇಲೆ ಒಣಗಿಸಿ ಪ್ರಯೋಗಶಾಲೆಗೆ ಕಳುಹಿಸಿದರು. ಅವುಗಳಲ್ಲಿ 10 ಮಾದರಿಗಳಲ್ಲಿ ರೋಗಾಣುವಿನ ಡಿ.ಎನ್.ಎ. ತೀರ ಅಲ್ಪವಾಗಿದ್ದುದರಿಂದ ಓದಲಾಗಲಿಲ್ಲ. ಉಳಿದ 30ರಲ್ಲಿ 3 ಮಾದರಿಗಳು ಮಾರ್ಪಾಡನ್ನು ತೋರಿಸಿದವು. ಮಾರ್ಪಾಡಿನ ಪ್ರಮಾಣವೆಷ್ಟು? ಓದಿದ 30ಕ್ಕೆ 3 ಎಂದರೆ ನೂರಕ್ಕೆ 10. ಕಳುಹಿಸಿದ 40ಕ್ಕೆ 3 ಎಂದರೆ ನೂರಕ್ಕೆ ಏಳೂವರೆ. ಎರಡನೆಯ ಲೆಕ್ಕವನ್ನು ಹಾಕಿದವರು ತಮಗರಿವಿಲ್ಲದೆಯೇ ಓದಲಾಗದ 10 ಮಾದರಿಗಳನ್ನು ‘ಮಾರ್ಪಾಡಿಲ್ಲದವು’ ಎಂದು ಎಣಿಸಿದಂತಾಯಿತು. ಸವೆದ ಅಕ್ಷರದ ಜಾಗದಲ್ಲಿ ತಮ್ಮ ಅಕ್ಷರವನ್ನು ಕೆತ್ತಿದಂತೆ ಇದು. ಕೋಷ್ಟಕದಲ್ಲಿ ಸೊನ್ನೆ ಬರೆದರೆ ‘ನೋಡಿದೆವು, ಇರಲಿಲ್ಲ’ ಎಂದರ್ಥ. ಖಾಲಿ ಬಿಟ್ಟರೆ ‘ನೋಡಲಾಗಲಿಲ್ಲ’ ಎಂದರ್ಥವಾಗಬೇಕು. ಖಾಲಿ ಬಿಟ್ಟುದಕ್ಕೆ ಕಾರಣವನ್ನೂ ಬರೆಯುವುದು ಇನ್ನೂ ಉತ್ತಮ.

ಸೊನ್ನೆಯೂ ತಾನಾಗಿ ಪೂರ್ಣ ಉತ್ತರವಲ್ಲ. 20 ಮಾದರಿಗಳನ್ನು ಓದಿ ಯಾವುದರಲ್ಲಿಯೂ ಮಾರ್ಪಾಡು ಕಾಣಲಿಲ್ಲವೆನ್ನಿ. ಹಾಗಾದರೆ ಆ ಊರಿನಲ್ಲಿ ಮಾರ್ಪಾಡೇ ಇಲ್ಲವೆಂದು ಹೇಳಬಹುದೆ? ಆ ಊರಿನ ರೋಗಾಣುಗಳಲ್ಲಿ ನಿಜವಾಗಿ ನೂರಕ್ಕೆ 14 ಮಾರ್ಪಟ್ಟಿವೆಯೆಂದು ಇಟ್ಟುಕೊಳ್ಳೋಣ. ಒಂದು ಮಾದರಿ ಮಾರ್ಪಡದೆ ಇರುವ ಸಂಭವ 0.86. ಇಪ್ಪತ್ತೂ ಹಾಗೆಯೇ ಇರುವ ಸಂಭವ 0.86ನ್ನು ತನ್ನಿಂದಲೇ ಇಪ್ಪತ್ತು ಬಾರಿ ಗುಣಿಸಿದಷ್ಟು, ಎಂದರೆ ಸುಮಾರು 0.05. ನೂರು ಬಾರಿ ಇಂತಹ ಸಮೀಕ್ಷೆ ನಡೆಸಿದರೆ ಐದು ಬಾರಿ ಈ ಬಗೆಯ ಸೊನ್ನೆ ಕೇವಲ ಆಕಸ್ಮಿಕವಾಗಿ ಬರುತ್ತದೆ. ಅದೇ 300 ಮಾದರಿಗಳನ್ನು ಓದಿ ಸೊನ್ನೆ ಬಂದಿದ್ದರೆ, ಇದೇ ಮಟ್ಟದ ನಂಬಿಕೆಯಿಂದ, ಮಾರ್ಪಾಡು ನೂರಕ್ಕೆ 1ನ್ನು ಮೀರಿರಲಾರದೆಂದು ಹೇಳಬಹುದು. ಎರಡು ಸೊನ್ನೆಗಳೂ ಕಾಗದದ ಮೇಲೆ ಒಂದೇ ಆಕಾರ. ತೂಕ ಮಾತ್ರ ಬೇರೆ. ಆದಕಾರಣ ಪ್ರತಿಶತದ ಪಕ್ಕದಲ್ಲಿ ಎಷ್ಟನ್ನು ಓದಲಾಯಿತೆಂಬ ಸಂಖ್ಯೆಯನ್ನು ಬರೆಯದ ವರದಿಯನ್ನು ನಂಬುವಂತಿಲ್ಲ.

ಮೂರನೆಯ ತೊಡಕು ಬೆರಕೆಯದು. ಒಬ್ಬ ರೋಗಿಯ ರಕ್ತದಲ್ಲಿ ಒಂದೇ ವಂಶದ ರೋಗಾಣುಗಳು ಇರಬೇಕೆಂಬ ನಿಯಮವಿಲ್ಲ. ಹಳೆಯ ಪಾಠದವೂ ಹೊಸ ಪಾಠದವೂ ಕೂಡಿಯೇ ಇರಬಹುದು. 100 ಮಾದರಿಗಳಲ್ಲಿ 80ರಲ್ಲಿ ಹಳೆಯದು, 10ರಲ್ಲಿ ಹೊಸದು, 10ರಲ್ಲಿ ಎರಡೂ ಇವೆಯೆಂದಿಟ್ಟುಕೊಳ್ಳಿ. ಬೆರಕೆಯನ್ನು ಹೊಸದರೊಡನೆ ಸೇರಿಸಿದರೆ ನೂರಕ್ಕೆ 20. ಹೊಸದನ್ನು ಮಾತ್ರ ಎಣಿಸಿದರೆ ನೂರಕ್ಕೆ 10. ಬೆರಕೆಯನ್ನು ಕೈಬಿಟ್ಟು 90ಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 11. ಮೂರೂ ಗಣಿತದಲ್ಲಿ ಸರಿಯೇ. ಒಂದು ಜಿಲ್ಲೆಯವರು ಒಂದು ರೀತಿಯಲ್ಲಿಯೂ ಪಕ್ಕದ ಜಿಲ್ಲೆಯವರು ಇನ್ನೊಂದು ರೀತಿಯಲ್ಲಿಯೂ ಎಣಿಸಿದರೆ, ಎರಡೂ ಕಡೆ ಒಂದೇ ಸ್ಥಿತಿಯಿದ್ದರೂ ಒಂದರಲ್ಲಿ ರೋಗಾಣುವಿನ ಪ್ರತಿರೋಧ ಇಮ್ಮಡಿಯಾಗಿ ತೋರುತ್ತದೆ. ಮೂರು ಗುಂಪುಗಳ ಮೂಲಸಂಖ್ಯೆಗಳನ್ನೂ ಬಿಡಿಬಿಡಿಯಾಗಿ ಕೊಡುವುದೇ ಇದಕ್ಕೆ ಪರಿಹಾರ. ಆಗ ಓದಿದವರು ತಮಗೆ ಬೇಕಾದ ಪ್ರಮಾಣವನ್ನು ತಾವೇ ಕಂಡುಕೊಳ್ಳಬಹುದು.

‘ಇಲ್ಲ’ ಎಂಬ ಮಾತಿಗೆ ಎಷ್ಟು ಸಾಕ್ಷ್ಯ ಬೇಕೆಂಬುದನ್ನು ಇನ್ನೊಂದು ನಿದರ್ಶನ ಚೆನ್ನಾಗಿ ತೋರಿಸುತ್ತದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಒಂದು ಹನಿ ರಕ್ತವನ್ನು ಪುಟ್ಟ ಪಟ್ಟಿಯ ಮೇಲೆ ಹಾಕಿ, ಗೆರೆ ಮೂಡಿತೆ ಎಂದು ನೋಡಿ ಮಲೇರಿಯಾವನ್ನು ಪತ್ತೆಮಾಡುವುದನ್ನು ವಾಚಕರು ಕಂಡಿರಬಹುದು. ಫಾಲ್ಸಿಪಾರಂ ಪತ್ತೆಗೆ ಬಳಸುವ ಬಹುತೇಕ ಪಟ್ಟಿಗಳು ರೋಗಾಣು ತಯಾರಿಸುವ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಹಿಡಿಯುತ್ತವೆ. ಆ ಜೀನೇ ಕಳೆದುಹೋಗಿರುವ ರೋಗಾಣುಗಳು ಲೋಕದಲ್ಲಿವೆಯೆಂಬುದು 2010ರಲ್ಲಿ ಪೆರು ದೇಶದಿಂದ ವರದಿಯಾಯಿತು. ಭಾರತದ ಎಂಟು ರಾಜ್ಯಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಅಂತಹವು ಸ್ವಲ್ಪ ಪ್ರಮಾಣದಲ್ಲಿ ಕಂಡುಬಂದವು. ಅಂತಹ ರೋಗಾಣುವಿರುವ ರೋಗಿಯಲ್ಲಿ ಪಟ್ಟಿಯು ‘ಮಲೇರಿಯಾ ಇಲ್ಲ’ ಎಂದು ಹೇಳಿಬಿಡಬಹುದು. ಜ್ವರಪೀಡಿತನು ಔಷಧಿಯಿಲ್ಲದೆ ಮನೆಗೆ ಮರಳಬಹುದು. ಜೀನು ಕಳೆದುಹೋಗಿ ತಪ್ಪು ಉತ್ತರ ಬರುವ ಪ್ರಸಂಗಗಳು ನೂರಕ್ಕೆ 5ನ್ನು ಮೀರಿದಲ್ಲಿ ಆ ಪ್ರದೇಶದಲ್ಲಿ ಬೇರೆ ಬಗೆಯ ಪಟ್ಟಿಗೆ ಬದಲಾಯಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ.

ಆದರೆ ಪ್ರಯೋಗಶಾಲೆಯಲ್ಲಿ ಆ ಜೀನು ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಕಳೆದುಹೋಗಿದೆಯೆಂದು ಹೇಳಬಹುದೆ? ರಕ್ತದ ಹನಿ ಹಾಳಾಗಿದ್ದರೂ ಅದು ಕಾಣದು. ಅದೇ ಮಾದರಿಯಲ್ಲಿ ರೋಗಾಣುವಿನ ಬೇರೆ ಜೀನುಗಳು ಚೆನ್ನಾಗಿ ಕಂಡು, ಇದೊಂದು ಮಾತ್ರ ಕಾಣದಿದ್ದರೆ ಆಗ ‘ಇಲ್ಲ’ ಎನ್ನಬಹುದು. ಯಾವ ಬೇರೆ ಜೀನುಗಳನ್ನು ನೋಡಿದರು, ಅವು ಕಂಡವೆ ಎಂಬುದನ್ನು ವರದಿಯಲ್ಲಿ ಬರೆಯಬೇಕೆಂಬ ನಿಯಮದ ಮರ್ಮ ಇದೇ.

ಎಲ್ಲಿ? ಎಂದು?

ಲಿಪಿಯ ಪಾಠ ಶುದ್ಧವಾಗಿದ್ದರೂ ಅದು ದೊರೆತ ಸ್ಥಳವೂ ಕಾಲವೂ ತಿಳಿಯದಿದ್ದರೆ ಕಣ್ಗಾವಲಿಗೆ ಅದು ನಿರುಪಯೋಗಿ. ಸ್ಥಳವನ್ನು ಬರೆಯುವುದು ಸುಲಭವೆಂದು ತೋರುತ್ತದೆ. ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯನ್ನೇ ತೆಗೆದುಕೊಳ್ಳಿ. ಒಬ್ಬರು ‘ಎಂ.ಸಿ.ಸಿ. ಎ ಬ್ಲಾಕ್’ ಎಂದು ಬರೆದಾರು, ಇನ್ನೊಬ್ಬರು ‘ಎಂಸಿಸಿ ಬಡಾವಣೆ’ ಎಂದು, ಮತ್ತೊಬ್ಬರು ‘ದಾವಣಗೆರೆ ನಗರ’ ಎಂದಷ್ಟೇ. ಮನುಷ್ಯರು ಇವೆಲ್ಲವನ್ನೂ ಅರ್ಥಮಾಡಿಕೊಳ್ಳುತ್ತಾರೆ. ಗಣಕಕ್ಕೆ ಇವು ಮೂರು ಬೇರೆ ಬೇರೆ ಊರುಗಳು.

ಜಿಲ್ಲೆಯ ಹೆಸರನ್ನು ಬರೆದರೂ ಸಮಸ್ಯೆ ತೀರದು. ಹರಪನಹಳ್ಳಿ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆ ರಚಿತವಾದಾಗ ಇದಕ್ಕೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಭಾಗವಾಯಿತು. 2010ರ ಮಾದರಿಯೊಂದರ ಮೇಲೆ ‘ದಾವಣಗೆರೆ ಜಿಲ್ಲೆ’ ಎಂದು ಮಾತ್ರ ಬರೆದಿದ್ದರೆ, ಅದು ಇಂದಿನ ವಿಜಯನಗರ ಜಿಲ್ಲೆಯ ಹಳ್ಳಿಯದೂ ಆಗಿರಬಹುದು. ಆದುದರಿಂದ ಹೆಸರಿನೊಡನೆ ಸರ್ಕಾರವು ಪ್ರತಿ ಊರಿಗೂ ಕೊಟ್ಟಿರುವ ಸಂಕೇತಸಂಖ್ಯೆಯನ್ನೋ ಅಕ್ಷಾಂಶ ರೇಖಾಂಶಗಳನ್ನೋ ಬರೆಯುವುದು ಕ್ಷೇಮ. ಜಿಲ್ಲೆಯ ಗಡಿಯು ಸರ್ಕಾರದ ಆಜ್ಞೆಯಿಂದ ಸರಿಯುತ್ತದೆ, ಅಕ್ಷಾಂಶ ಸರಿಯುವುದಿಲ್ಲ.

ದಿನಾಂಕದಲ್ಲಿಯೂ ಇದೇ ಪಾಡು. ‘03-04-2019’ ಎಂಬುದು ನಮಗೆ ಏಪ್ರಿಲ್ 3. ಅಮೆರಿಕದವರಿಗೆ ಮಾರ್ಚ್ 4. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ‘2019-04-03’ ಎಂದು ಬರೆಯುವುದು ಅಂತರರಾಷ್ಟ್ರೀಯ ಕ್ರಮ. ರಕ್ತ ತೆಗೆದ ದಿನ ಬೇರೆ, ಅದನ್ನು ಪ್ರಯೋಗಶಾಲೆಯಲ್ಲಿ ಓದಿದ ದಿನ ಬೇರೆ. ಇವೆರಡರ ನಡುವೆ ವರ್ಷಗಳೇ ಕಳೆದಿರಬಹುದು. ಎರಡನ್ನೂ ಬರೆಯಬೇಕು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ರಕ್ತ ತೆಗೆದ ಊರೇ ಸೋಂಕು ತಗುಲಿದ ಊರೆ? ಸೊಳ್ಳೆ ಕಚ್ಚಿ ಸಾಮಾನ್ಯವಾಗಿ 10ರಿಂದ 15 ದಿನಗಳಾದ ಮೇಲೆ ಜ್ವರ ಬರುತ್ತದೆ. ಅಷ್ಟರಲ್ಲಿ ಮನುಷ್ಯನು ರೈಲು ಹತ್ತಿ ಸಾವಿರ ಮೈಲಿ ಬಂದಿರಬಹುದು. ವೈವಾಕ್ಸ್ ಜಾತಿಯ ರೋಗಾಣುವಂತೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಎದ್ದು ಬರಬಲ್ಲುದು. ರೋಗಿಯ ಇತ್ತೀಚಿನ ಪ್ರಯಾಣವನ್ನು ವಿಚಾರಿಸಿ ಬರೆಯದಿದ್ದರೆ, ದೂರದ ರಾಜ್ಯದ ರೋಗಾಣುವನ್ನು ನಮ್ಮ ಊರಿನದೆಂದು ತಪ್ಪಾಗಿ ತಿಳಿಯುವೆವು.

ಮಂಗಳೂರಿನ ನಿದರ್ಶನ

ಕರ್ನಾಟಕದಲ್ಲಿ ಈ ಮಾತು ಮಂಗಳೂರಿಗೆ ಹೆಚ್ಚಾಗಿ ಅನ್ವಯಿಸುತ್ತದೆ. 1990ರ ದಶಕದಿಂದ ಈಚೆಗೆ ಆ ನಗರದಲ್ಲಿ ಕಟ್ಟಡಗಳ ಕೆಲಸ ಬಹಳವಾಗಿ ಬೆಳೆಯಿತು. ನಿರ್ಮಾಣದ ಸ್ಥಳಗಳಲ್ಲಿ ನಿಂತ ನೀರು ಪಟ್ಟಣದ ಅನಾಫಿಲೀಸಿಗೆ ತವರಾಯಿತು, ದೂರದ ರಾಜ್ಯಗಳಿಂದ ಕೆಲಸಗಾರರು ಬಂದರು, ಮಲೇರಿಯಾ ನೆಲೆಯೂರಿತು. 2015ರ ಅಕ್ಟೋಬರಿನಲ್ಲಿ ಅಲ್ಲಿ ಮಲೇರಿಯಾ ನಿಯಂತ್ರಣಕ್ಕಾಗಿಯೇ ರಚಿಸಿದ ತಂತ್ರಾಂಶವೊಂದನ್ನು ಬಳಕೆಗೆ ತಂದರು. ರೋಗ ಪತ್ತೆಯಾದ ಕೂಡಲೆ ವರದಿ ಅದಕ್ಕೆ ಸೇರುತ್ತಿತ್ತು. ಆರೋಗ್ಯ ಕಾರ್ಯಕರ್ತರು ಕೈಯಲ್ಲಿ ಟ್ಯಾಬ್ ಹಿಡಿದು ರೋಗಿಯ ಮನೆಗೆ ಹೋಗಿ, ಸ್ಥಳವನ್ನು ನಕ್ಷೆಯ ಮೇಲೆ ಗುರುತಿಸಿ, ಸುತ್ತಲಿನ ಸೊಳ್ಳೆಯ ತಾಣಗಳನ್ನು ಹುಡುಕುತ್ತಿದ್ದರು. ಮುಂದಿನ ವರ್ಷಗಳಲ್ಲಿ ನಗರದ ಮಲೇರಿಯಾ ಬಹುಮಟ್ಟಿಗೆ ಇಳಿಯಿತು. ಎಲ್ಲರೂ ಒಂದೇ ನಮೂನೆಯಲ್ಲಿ, ತಡಮಾಡದೆ, ಸ್ಥಳಸಹಿತವಾಗಿ ಬರೆದರೆ ಏನಾಗಬಲ್ಲುದೆಂಬುದಕ್ಕೆ ಇದು ಉದಾಹರಣೆ.

ಅದೇ ನಗರದ ರೋಗಾಣುಗಳ ಲಿಪಿಯನ್ನೂ ಓದಿದ್ದಾರೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಭದ್ರಾ ಜಲಾಶಯದ ಹತ್ತಿರದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯ ಮೊದಲಾದ ಸಂಸ್ಥೆಗಳ ವಿಜ್ಞಾನಿಗಳು ಕೂಡಿ ಮಂಗಳೂರಿನ ವೈವಾಕ್ಸ್ ರೋಗಾಣುಗಳಲ್ಲಿ ಔಷಧ ಪ್ರತಿರೋಧಕ್ಕೆ ಸಂಬಂಧಿಸಿದ ಜೀನುಗಳನ್ನು ಪರಿಶೀಲಿಸಿ 2018ರಲ್ಲಿ ವರದಿಗಳನ್ನು ಪ್ರಕಟಿಸಿದರು. ಪಿರಿಮೆಥಮಿನ್ ಎಂಬ ಔಷಧಿಯ ಗುರಿಯಾದ ಜೀನಿನಲ್ಲಿ ಅದುವರೆಗೆ ವರದಿಯಾಗಿರದಿದ್ದ, ಮೂರು ಮಾರ್ಪಾಡುಗಳ ಹೊಸದೊಂದು ಕೂಟ ಅವರಿಗೆ ಕಂಡಿತು. ‘ಹೊಸದು’ ಎಂದು ಅವರು ಹೇಳಲು ಸಾಧ್ಯವಾದುದು ಹೇಗೆ? ಹಿಂದೆ ಬೇರೆಯವರು ಬೇರೆ ಬೇರೆ ದೇಶಗಳಲ್ಲಿ ಓದಿದ ಪಾಠಗಳೆಲ್ಲ ಒಂದೇ ಬಗೆಯ ಸ್ಥಾನಸಂಖ್ಯೆಗಳೊಡನೆ ಹೋಲಿಕೆಗೆ ದೊರೆಯುತ್ತಿದ್ದುದರಿಂದ.

ಮನೆ ಮನೆಯ ರೋಗದ ದಾಖಲೆ ಒಂದು. ರೋಗಾಣುವಿನ ಲಿಪಿಯ ದಾಖಲೆ ಇನ್ನೊಂದು. ಇವೆರಡನ್ನೂ ಜೋಡಿಸಿದರೆ, ಈ ಸೋಂಕು ಪಕ್ಕದ ಬೀದಿಯಿಂದ ಬಂದುದೋ ಪರರಾಜ್ಯದಿಂದ ಬಂದುದೋ ಎಂದು ಬೇರ್ಪಡಿಸಿ ನೋಡಬಹುದು. 2027ರ ವೇಳೆಗೆ ಸ್ಥಳೀಯವಾಗಿ ಹುಟ್ಟುವ ಮಲೇರಿಯಾವನ್ನು ಸೊನ್ನೆಗಿಳಿಸಿ, 2030ಕ್ಕೆ ರೋಗವನ್ನೇ ಹೋಗಲಾಡಿಸಬೇಕೆಂಬುದು ದೇಶದ ಗುರಿ. ಸ್ಥಳೀಯ ಯಾವುದು, ಹೊರಗಿನಿಂದ ಬಂದುದು ಯಾವುದು ಎಂಬ ವಿವೇಚನೆಯಿಲ್ಲದೆ ಆ ಸೊನ್ನೆಯನ್ನು ಸಾಧಿಸಿದೆವೆಂದು ಹೇಳುವುದು ಹೇಗೆ?

ಲೋಕದ ಉಗ್ರಾಣ

ಕಾಲವನ್ನೂ ಸ್ಥಳವನ್ನೂ ಬರೆದಿಟ್ಟುದರ ಫಲವನ್ನು ಆಫ್ರಿಕದ ರುವಾಂಡ ದೇಶದಲ್ಲಿ ಕಾಣಬಹುದು. ಅಲ್ಲಿ 2012ರಿಂದ 2015ರವರೆಗೆ ಸಂಗ್ರಹಿಸಿದ ಮಾದರಿಗಳಲ್ಲಿ ಕೆಲ್ಚ್-13ರ 561ನೆಯ ಸ್ಥಾನದ ಮಾರ್ಪಾಡು ಕಂಡುಬಂದಿತೆಂಬ ವರದಿ 2020ರಲ್ಲಿ ಹೊರಬಿದ್ದಿತು. ಆರ್ಟಿಮಿಸಿನಿನ್ ಪ್ರತಿರೋಧವು ಆಗ್ನೇಯ ಏಷ್ಯದಿಂದ ಆಫ್ರಿಕಕ್ಕೆ ಬರಬಹುದೆಂಬ ಭಯ ಮೊದಲಿನಿಂದ ಇದ್ದಿತು. ಆದರೆ ಅಕ್ಕಪಕ್ಕದ ಲಿಪಿಯನ್ನು ಏಷ್ಯದ ಮಾದರಿಗಳೊಡನೆ ಹೋಲಿಸಿ ನೋಡಿದಾಗ, ಇದು ಅಲ್ಲಿಂದ ಬಂದುದಲ್ಲ, ಆಫ್ರಿಕದಲ್ಲಿಯೇ ಹುಟ್ಟಿದುದು ಎಂದು ತಿಳಿಯಿತು. ಅಪಾಯದ ಸ್ವರೂಪವೇ ಇದರಿಂದ ಬದಲಾಯಿತು. ಗಡಿಯಲ್ಲಿ ಕಾವಲಿಟ್ಟರೆ ಸಾಲದು, ಮನೆಯೊಳಗೇ ನೋಡಿಕೊಳ್ಳಬೇಕು.

ಹೋಲಿಸಲು ಉಗ್ರಾಣ ಬೇಕು. ಹಲವು ದೇಶಗಳ ಸಂಶೋಧಕರ ಕೂಟವಾದ ‘ಮಲೇರಿಯಾಜೆನ್’ 2023ರಲ್ಲಿ 33 ದೇಶಗಳ 20,864 ಫಾಲ್ಸಿಪಾರಂ ಮಾದರಿಗಳ ಲಿಪಿಯನ್ನು ಪ್ರಕಟಿಸಿತು. ಪ್ರತಿ ಮಾದರಿಗೂ ದೇಶ, ಪ್ರಾಂತ, ವರ್ಷ, ಓದು ಗುಣಪರೀಕ್ಷೆಯಲ್ಲಿ ತೇರ್ಗಡೆಯಾಯಿತೆ ಎಂಬ ವಿವರಗಳಿವೆ. ಜಪಾನ್, ಯೂರೋಪ್, ಅಮೆರಿಕಗಳ ಮೂರು ದೊಡ್ಡ ವಂಶಲಿಪಿ ಭಂಡಾರಗಳ ಒಕ್ಕೂಟವು ಮಾದರಿ ದೊರೆತ ದೇಶವನ್ನೂ ಕಾಲವನ್ನೂ ಬರೆಯುವುದನ್ನು 2023ರಿಂದ ಕಡ್ಡಾಯಮಾಡಿತು. ಗೊತ್ತಿಲ್ಲದಿದ್ದರೆ ಬಾಯಿಗೆ ಬಂದಂತೆ ತುಂಬಿಸುವಂತಿಲ್ಲ, ಸುಮ್ಮನೆ ಬಿಡುವಂತೆಯೂ ಇಲ್ಲ. ‘ಸಂಗ್ರಹಿಸಿಲ್ಲ’, ‘ಒದಗಿಸಿಲ್ಲ’, ‘ಅನ್ವಯಿಸುವುದಿಲ್ಲ’, ‘ಬಹಿರಂಗಪಡಿಸುವಂತಿಲ್ಲ’ ಎಂಬಂತಹ ಗೊತ್ತಾದ ಮಾತುಗಳಲ್ಲಿ ಒಂದನ್ನು ಆರಿಸಿ ಬರೆಯಬೇಕು. ಶಾಸನ ಪಂಡಿತರ ಚುಕ್ಕೆಗಳು ಇಲ್ಲಿ ಇನ್ನಷ್ಟು ಮಾತನಾಡುವಂತಾಗಿವೆ.

ಗುಟ್ಟು ಮತ್ತು ಗುರುತು

ಇಷ್ಟೆಲ್ಲ ಬರೆದಿಡಬೇಕೆಂದಾಗ ಒಂದು ಆಕ್ಷೇಪಣೆ ಸಹಜವಾಗಿಯೇ ಏಳುತ್ತದೆ. ರೋಗಿಯ ಮನೆ, ವಯಸ್ಸು, ಪ್ರಯಾಣ ಇವೆಲ್ಲ ಲೋಕಕ್ಕೆ ತಿಳಿಯಬೇಕೆ? ಕೂಡದು. ರಕ್ತದ ಹನಿಯಲ್ಲಿ ರೋಗಾಣುವಿನ ಲಿಪಿಗಿಂತ ಮನುಷ್ಯನ ಲಿಪಿಯೇ ಹೆಚ್ಚಾಗಿರುತ್ತದೆ. ಅದನ್ನು ಬೇರ್ಪಡಿಸಿ ತೆಗೆದುಬಿಡುವುದು ಮೊದಲ ಕರ್ತವ್ಯ. ವರ್ಷಕ್ಕೆ ಒಬ್ಬನೇ ರೋಗಿಯಿರುವ ಹಳ್ಳಿಯ ಹೆಸರನ್ನು ದಿನಾಂಕದೊಡನೆ ಅಚ್ಚುಮಾಡಿದರೆ, ಹೆಸರು ಹೇಳದಿದ್ದರೂ ಆತ ಯಾರೆಂದು ಊರವರಿಗೆ ಗೊತ್ತಾಗುತ್ತದೆ. ಆದಕಾರಣ ಸೂಕ್ಷ್ಮ ವಿವರಗಳು ಆರೋಗ್ಯ ಇಲಾಖೆಯ ಕೈಯಲ್ಲಿಯೂ, ತಾಲ್ಲೂಕು ಅಥವಾ ಜಿಲ್ಲೆ ಮತ್ತು ತಿಂಗಳು ಅಥವಾ ವರ್ಷ ಎಂಬಷ್ಟು ಸ್ಥೂಲವಾದ ವಿವರಗಳು ಬಹಿರಂಗದಲ್ಲಿಯೂ ಇರುವುದು ಯುಕ್ತ. ಎಷ್ಟು ಸ್ಥೂಲಗೊಳಿಸಿದೆವೆಂಬುದನ್ನೂ ವರದಿಯಲ್ಲಿ ಹೇಳಬೇಕು.

ಹೀಗೆ ನೋಡಿದರೆ ವರದಿಮಾಡುವ ಕ್ರಮವೆಂಬುದು ಕೆಲವೇ ಪ್ರಶ್ನೆಗಳಿಗೆ ಕೊಡುವ ಪ್ರಾಮಾಣಿಕ ಉತ್ತರ: ಯಾವ ಆಧಾರಪಾಠದೊಡನೆ ಹೋಲಿಸಿದಿರಿ? ಎಷ್ಟು ಮಾದರಿಗಳನ್ನು ತಂದಿರಿ, ಎಷ್ಟನ್ನು ಓದಿದಿರಿ, ಎಷ್ಟನ್ನು ಓದಲಾಗಲಿಲ್ಲ? ಬೆರಕೆಯನ್ನು ಹೇಗೆ ಎಣಿಸಿದಿರಿ? ಎಲ್ಲಿಂದ, ಎಂದು ತಂದಿರಿ? ಇವುಗಳಲ್ಲಿ ಯಾವುದಕ್ಕೂ ಬೆಲೆಬಾಳುವ ಯಂತ್ರ ಬೇಕಿಲ್ಲ. ಆದರೆ ಇವುಗಳಿಗೆ ಉತ್ತರವಿಲ್ಲದಿದ್ದರೆ ಕೋಟಿ ರೂಪಾಯಿಯ ಯಂತ್ರದ ಓದೂ ವ್ಯರ್ಥ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸುವ ವಿದ್ಯಾರ್ಥಿ ಒಂದು ಓದು ತಪ್ಪಿಹೋದಾಗ ಆ ಮನೆಯಲ್ಲಿ ಅಂದಾಜಿನ ಸಂಖ್ಯೆಯನ್ನು ತುಂಬದೆ ‘ಓದು ದೊರೆಯಲಿಲ್ಲ’ ಎಂದು ಬರೆಯುವುದನ್ನು ರೂಢಿಮಾಡಿಕೊಂಡರೆ ಒಳ್ಳೆಯದು. ನಾಳೆ ಆತನೋ ಆಕೆಯೋ ಕುಳಿತು ತುಂಬುವ ಕೋಷ್ಟಕದಲ್ಲಿ ಆ ಒಂದು ಮನೆಯ ಹಿಂದೆ ಜ್ವರದಿಂದ ನಡುಗುವ ಮಗುವೊಂದು ಇರಬಹುದು.